ಡೈನೋಸಾರ್ ನೋಡಲು ಹೋಗುವವರಿಗೆ ಒಂದು ಲೆಕ್ಕದ ಪಾಠ

ರಜೆ ಬಂತೆಂದರೆ ಮನೆಯ ಚಿಕ್ಕ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವ ಕೆಲಸ ಪಿಯುಸಿ ಓದುವ ನಮ್ಮ ಪಾಲಿಗೇ ಬರುತ್ತದೆ. ದೊಡ್ಡವರಿಗೆ ಕೆಲಸ, ಅಮ್ಮಂದಿರಿಗೆ ಅಡುಗೆಮನೆ. "ನೀನು ಕಾಲೇಜಿಗೆ ಹೋಗುವವಳು, ನೀನೇ ಕರೆದುಕೊಂಡು ಹೋಗು" ಎನ್ನುತ್ತಾರೆ. ಎಲ್ಲಿಗೆ ಹೋಗೋಣ ಎಂದು ಮಕ್ಕಳನ್ನು ಕೇಳಿದರೆ ಹತ್ತರಲ್ಲಿ ಎಂಟು ಮಕ್ಕಳು ಡೈನೋಸಾರ್ ಎನ್ನುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಅದಕ್ಕೊಂದು ಜಾಗವಿದೆ: ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದ ಈ ಸಂಗ್ರಹಾಲಯದಲ್ಲಿ ಯಂತ್ರಗಳು, ವಿದ್ಯುತ್ತಿನ ಪ್ರಯೋಗಗಳು, ರೈಟ್ ಸಹೋದರರ ವಿಮಾನದ ಪ್ರತಿಕೃತಿ ಎಲ್ಲವೂ ಇವೆ. ಆದರೆ ಮಕ್ಕಳು ಓಡುವುದು ಅಲುಗಾಡುತ್ತಾ ಕೂಗುವ ಡೈನೋಸಾರ್ ಇರುವ ಕಡೆಗೆ.

ನಾನು ವಿಜ್ಞಾನದ ವಿದ್ಯಾರ್ಥಿನಿ ಅಲ್ಲ, ವಾಣಿಜ್ಯ ವಿಭಾಗದವಳು. ಆದರೂ ಈ ಪಾಠ ಬರೆಯುತ್ತಿರುವುದಕ್ಕೆ ಕಾರಣವಿದೆ. ಈಗಿನ ಮಕ್ಕಳು ಡೈನೋಸಾರನ್ನು ಮೊದಲು ನೋಡುವುದು ಮೊಬೈಲಿನಲ್ಲಿ. ಯಾವುದೋ ಕಾಡಿನಲ್ಲಿ ಜೀವಂತ ಡೈನೋಸಾರ್ ಸಿಕ್ಕಿತು ಎನ್ನುವ ವಿಡಿಯೋಗಳು ಮನೆ ಮನೆಯ ವಾಟ್ಸಾಪಿನಲ್ಲಿ ತಿರುಗುತ್ತಿವೆ. ನನ್ನ ಖಾಲಾ ಅವರ ಎಂಟು ವರ್ಷದ ಮಗ ಅಂಥ ಒಂದು ವಿಡಿಯೋ ತೋರಿಸಿ, "ಆಪಾ, ಇದು ನಿಜ, ನಮ್ಮ ಕ್ಲಾಸಿನಲ್ಲಿ ಎಲ್ಲರೂ ನೋಡಿದ್ದಾರೆ" ಎಂದು ವಾದಿಸಿದ. ಸುಳ್ಳು ಎಂದು ಹೇಳಿದರೆ ಅವನು ಒಪ್ಪಲಿಲ್ಲ. "ಹಾಗಾದರೆ ಮ್ಯೂಸಿಯಂನಲ್ಲಿ ಇರುವುದು ಮಾತ್ರ ನಿಜ ಅಂತ ನಿನಗೆ ಹೇಗೆ ಗೊತ್ತು?" ಎಂದು ತಿರುಗಿ ಕೇಳಿದ. ಇದು ಬಹಳ ಒಳ್ಳೆಯ ಪ್ರಶ್ನೆ. ಇಂದು ಡೈನೋಸಾರ್ ವಿಡಿಯೋ ನಂಬಿದ ಮಗು ನಾಳೆ ಔಷಧಿಯ ಬಗ್ಗೆ, ಜನರ ಬಗ್ಗೆ, ನೆರೆಹೊರೆಯವರ ಬಗ್ಗೆ ಬರುವ ವಿಡಿಯೋವನ್ನೂ ಹಾಗೆಯೇ ನಂಬುತ್ತದೆ. ಆದ್ದರಿಂದ ಮ್ಯೂಸಿಯಂಗೆ ಹೋಗುವುದನ್ನು ಒಂದು ಸುತ್ತಾಟ ಎಂದಷ್ಟೇ ತಿಳಿಯದೆ, "ಇದು ಹೇಗೆ ಗೊತ್ತಾಯಿತು?" ಎಂದು ಕೇಳುವುದನ್ನು ಕಲಿಸುವ ದಿನವನ್ನಾಗಿ ಮಾಡಬಹುದು.

ವೋಚರ್ ಇಲ್ಲದೆ ನಮೂದು ಇಲ್ಲ

ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ನಾವು ಕಲಿಯುವುದು ಇದನ್ನೇ. ರಸೀದಿ, ಬಿಲ್ಲು, ವೋಚರ್ ಇಲ್ಲದೆ ರೋಜುಪುಸ್ತಕದಲ್ಲಿ ಏನನ್ನೂ ಬರೆಯುವಂತಿಲ್ಲ. ಡೈನೋಸಾರ್ ವಿಷಯದಲ್ಲಿ ಆ ವೋಚರ್ ಎಂದರೆ ಪಳೆಯುಳಿಕೆ. ಸತ್ತ ಪ್ರಾಣಿಯ ದೇಹವನ್ನು ನದಿಯ ಹೂಳು ಬೇಗ ಮುಚ್ಚಿಬಿಟ್ಟರೆ ಮಾಂಸ ಕೊಳೆತು ಹೋದರೂ ಮೂಳೆ ಉಳಿಯುತ್ತದೆ. ಮಣ್ಣಿನೊಳಗಿನ ನೀರಿನಲ್ಲಿ ಕರಗಿರುವ ಖನಿಜಗಳು ನಿಧಾನವಾಗಿ ಮೂಳೆಯೊಳಗೆ ಸೇರಿ ಅದು ಕಲ್ಲಿನಂತಾಗುತ್ತದೆ. ಮೇಲಿನ ಹೂಳೂ ಗಟ್ಟಿಯಾಗಿ ಪದರಗಲ್ಲಾಗುತ್ತದೆ. ಜೀವಿಗಳು ಕಲ್ಲಾಗುವುದರ ಬಗ್ಗೆ ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ 'ಕಿತಾಬ್ ಅಲ್ ಶಿಫಾ' ಗ್ರಂಥದಲ್ಲಿ ಬರೆದಿದ್ದಾರೆ. ನಾವು ಅವರನ್ನು ವೈದ್ಯರೆಂದು ಮಾತ್ರ ನೆನೆಯುತ್ತೇವೆ, ಆದರೆ ಬೆಟ್ಟಗಳು ಹೇಗೆ ಆಗುತ್ತವೆ ಎಂಬುದನ್ನೂ ಅವರು ಯೋಚಿಸಿದ್ದರು.

ಮ್ಯೂಸಿಯಂನಲ್ಲಿ ನಿಂತಾಗ ಮಕ್ಕಳಿಗೆ ಮೂರು ಪದಗಳನ್ನು ಕಲಿಸಿ. ಒಂದು, ಪಳೆಯುಳಿಕೆ. ಇದು ನಿಜವಾದದ್ದು, ಮೂಲ ವೋಚರ್. ಎರಡು, ಅಚ್ಚು. ನಿಜವಾದ ಮೂಳೆಯಿಂದ ಅಚ್ಚು ತೆಗೆದು ಪ್ಲಾಸ್ಟರಿನಲ್ಲೋ ಫೈಬರಿನಲ್ಲೋ ಮಾಡಿದ ನಕಲು. ಇದು ಮೂಲ ದಾಖಲೆಯ ಜೆರಾಕ್ಸ್ ಇದ್ದಂತೆ, ಅಳತೆ ಆಕಾರ ನಂಬಬಹುದು. ಮೂರು, ಮಾದರಿ. ಇದು ಸಿಕ್ಕಿದ ಮೂಳೆಗಳನ್ನು ನೋಡಿ, ಮಾಂಸ, ಚರ್ಮ, ಬಣ್ಣ, ಧ್ವನಿಯನ್ನು ಅಂದಾಜಿನಿಂದ ಸೇರಿಸಿ ಮಾಡಿದ್ದು. ಕೂಗುವ ಡೈನೋಸಾರ್ ಈ ಮೂರನೆಯ ವರ್ಗಕ್ಕೆ ಸೇರುತ್ತದೆ. ಒಳಗೆ ಮೋಟರು ಇದೆ. ಅದರ ಕೂಗನ್ನು ಯಾರೂ ಕೇಳಿದವರಿಲ್ಲ.

ಅಂದಾಜು ಎಂದರೆ ಸುಳ್ಳು ಅಲ್ಲ ಎಂಬುದನ್ನೂ ಹೇಳಬೇಕು. ನಾವು ಯಂತ್ರದ ಸವಕಳಿಯನ್ನು ಲೆಕ್ಕ ಹಾಕುವಾಗ ಅದು ಎಷ್ಟು ವರ್ಷ ಬಾಳುತ್ತದೆ ಎಂದು ಅಂದಾಜು ಮಾಡುತ್ತೇವೆ. ಆಧಾರವಿಟ್ಟು ಮಾಡಿದ ಅಂದಾಜು ಲೆಕ್ಕದಲ್ಲಿ ನಿಲ್ಲುತ್ತದೆ. ಹೊಸ ಮಾಹಿತಿ ಬಂದರೆ ತಿದ್ದುತ್ತೇವೆ. ಆಧಾರವನ್ನೇ ತೋರಿಸದವನು ಮಾತ್ರ ಮೋಸಗಾರ.

ಸ್ಪೈನೋಸಾರಸ್: ಕಳೆದುಹೋದ ವೋಚರಿನ ಕಥೆ

ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಅಲುಗಾಡುವುದು ಸ್ಪೈನೋಸಾರಸ್. ಬೆನ್ನಿನ ಮೇಲೆ ಹಡಗಿನ ಹಾಯಿಯಂಥ ದೊಡ್ಡ ರಚನೆ, ಮೊಸಳೆಯಂಥ ಉದ್ದ ಮೂತಿ. ಇದರ ಮೂಳೆಗಳು ಮೊದಲು ಸಿಕ್ಕಿದ್ದು ಈಜಿಪ್ಟಿನ ಬಹರಿಯಾ ಓಯಸಿಸ್‌ನಲ್ಲಿ, 1912ರಲ್ಲಿ. ಜರ್ಮನಿಯ ವಿಜ್ಞಾನಿ ಅರ್ನ್‌ಸ್ಟ್ ಸ್ಟ್ರೋಮರ್ 1915ರಲ್ಲಿ ಅದಕ್ಕೆ ಹೆಸರಿಟ್ಟರು. ಆ ಮೂಳೆಗಳನ್ನು ಮ್ಯೂನಿಕ್ ನಗರದ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಎರಡನೆಯ ಮಹಾಯುದ್ಧದಲ್ಲಿ, 1944ರ ಏಪ್ರಿಲ್‌ನಲ್ಲಿ ಬಿದ್ದ ಬಾಂಬುಗಳಿಗೆ ಆ ಮ್ಯೂಸಿಯಂ ಸಿಕ್ಕಿ ಮೂಳೆಗಳೆಲ್ಲ ನಾಶವಾದವು. ಉಳಿದದ್ದು ಸ್ಟ್ರೋಮರ್ ಬರೆದಿಟ್ಟ ವಿವರಗಳು, ಚಿತ್ರಗಳು ಮತ್ತು ಕೆಲವು ಫೋಟೋಗಳು ಮಾತ್ರ.

ಮೂಲ ಹೋದರೂ ದಾಖಲೆ ಉಳಿದಿದ್ದರಿಂದ ಕೆಲಸ ನಿಲ್ಲಲಿಲ್ಲ. ಮೊರಾಕ್ಕೋದ ಮರುಭೂಮಿಯಲ್ಲಿ ಹೊಸ ಮೂಳೆಗಳು ಸಿಕ್ಕವು. ಜರ್ಮನ್ ಮತ್ತು ಮೊರಾಕ್ಕೋ ಮೂಲದ ನಿಜಾರ್ ಇಬ್ರಾಹಿಂ ಮತ್ತು ಅವರ ಸಂಗಡಿಗರು 2014ರಲ್ಲಿ, ಈ ಪ್ರಾಣಿಯ ಹಿಂಗಾಲುಗಳು ನಾವು ಅಂದುಕೊಂಡದ್ದಕ್ಕಿಂತ ಗಿಡ್ಡ, ಇದು ಬಹಳ ಸಮಯ ನೀರಿನಲ್ಲಿ ಕಳೆಯುತ್ತಿತ್ತು ಎಂದು ಪ್ರಕಟಿಸಿದರು. 2020ರಲ್ಲಿ ಅದರ ಬಾಲವನ್ನೂ ವಿವರಿಸಿದರು. ಅದು ಹುಟ್ಟಿನಂತೆ ಚಪ್ಪಟೆಯಾಗಿತ್ತು. ಅದು ನೀರಿನಾಳದಲ್ಲಿ ಈಜಿ ಬೇಟೆಯಾಡುತ್ತಿತ್ತೇ, ದಡದಲ್ಲಿ ನಿಂತು ಮೀನು ಹಿಡಿಯುತ್ತಿತ್ತೇ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಈಗಲೂ ನಡೆಯುತ್ತಿದೆ. ಆದ್ದರಿಂದ ಯಾವುದೇ ಸ್ಪೈನೋಸಾರಸ್ ಮಾದರಿಯ ಮುಂದೆ ನಿಂತಾಗ ಮಕ್ಕಳಿಗೆ, ಅದರ ಹಿಂಗಾಲು ಎಷ್ಟು ಉದ್ದ ಇದೆ, ಬಾಲ ಹೇಗಿದೆ ನೋಡು ಎಂದು ಹೇಳಿ. ಮಾದರಿ ಮಾಡಿದ ಕಾಲದಲ್ಲಿ ಎಷ್ಟು ಗೊತ್ತಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಇನ್ನೊಂದು ವಿಷಯ. ಒಂದು ಜುರಾಸಿಕ್ ಪಾರ್ಕ್ ಸಿನಿಮಾದಲ್ಲಿ ಸ್ಪೈನೋಸಾರಸ್ ಮತ್ತು ಟಿ. ರೆಕ್ಸ್ ಜಗಳವಾಡುತ್ತವೆ. ಹುಡುಗರಿಗೆಲ್ಲ ಆ ದೃಶ್ಯ ಬಾಯಿಪಾಠ. ಆದರೆ ಒಂದು ಇದ್ದದ್ದು ಉತ್ತರ ಆಫ್ರಿಕಾದಲ್ಲಿ, ಇನ್ನೊಂದು ಉತ್ತರ ಅಮೆರಿಕಾದಲ್ಲಿ. ಕಾಲದ ಅಂತರವೂ ದೊಡ್ಡದು. ಅದಕ್ಕೆ ಮುಂದಿನ ಲೆಕ್ಕ ನೋಡಿ.

ಒಂದು ರೂಪಾಯಿಗೆ ಹತ್ತು ಲಕ್ಷ ವರ್ಷ

ಕೋಟಿ ಕೋಟಿ ವರ್ಷ ಎಂದು ಹೇಳಿದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ನಮಗೂ ಆಗುವುದಿಲ್ಲ. ಆದರೆ ರೂಪಾಯಿ ಎಲ್ಲರಿಗೂ ಅರ್ಥವಾಗುತ್ತದೆ. ಹತ್ತು ಲಕ್ಷ ವರ್ಷಕ್ಕೆ ಒಂದು ರೂಪಾಯಿ ಎಂದು ಇಟ್ಟುಕೊಳ್ಳೋಣ. ಆಗ ಒಂದು ಪೈಸೆಗೆ ಹತ್ತು ಸಾವಿರ ವರ್ಷ. ಇಂದಿನಿಂದ ಹಿಂದಕ್ಕೆ ಲೆಕ್ಕ ಹೀಗಾಗುತ್ತದೆ:

ಭೂಮಿ ಉಂಟಾದದ್ದು: ಸುಮಾರು 4,540 ರೂ.
ಲಾಲ್‌ಬಾಗಿನ ಬಂಡೆ: ಸುಮಾರು 3,000 ರೂ.
ರಾಮನಗರ, ಸಾವನದುರ್ಗದ ಗ್ರಾನೈಟ್ ಬೆಟ್ಟಗಳು: ಸುಮಾರು 2,500 ರೂ.
ಮೊದಲ ಡೈನೋಸಾರ್‌ಗಳು: ಸುಮಾರು 230 ರೂ.
ಸ್ಪೈನೋಸಾರಸ್: ಸುಮಾರು 95 ರೂ.
ಟಿ. ರೆಕ್ಸ್: ಸುಮಾರು 68 ರಿಂದ 66 ರೂ.
ದೊಡ್ಡ ಡೈನೋಸಾರ್‌ಗಳ ಅಂತ್ಯ: 66 ರೂ.
ನಮ್ಮಂಥ ಮನುಷ್ಯರು: ಸುಮಾರು 30 ಪೈಸೆ
ಬರವಣಿಗೆ ಶುರುವಾದದ್ದು: ಸುಮಾರು ಅರ್ಧ ಪೈಸೆ

ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮಕ್ಕಳಿಂದಲೇ ಕಳೆಯುವ ಲೆಕ್ಕ ಮಾಡಿಸಿ. ಡೈನೋಸಾರ್‌ಗಳು ಎಷ್ಟು ಕಾಲ ಇದ್ದವು? 230ರಲ್ಲಿ 66 ಕಳೆದರೆ 164 ರೂಪಾಯಿ. ನಾವು ಇರುವುದು 30 ಪೈಸೆ. ಸ್ಪೈನೋಸಾರಸ್‌ಗೂ ಟಿ. ರೆಕ್ಸ್‌ಗೂ ನಡುವೆ ಸುಮಾರು 27 ರೂಪಾಯಿ. ಆ ಜಗಳ ನಡೆಯಲು ಸಾಧ್ಯವೇ ಇಲ್ಲ ಎಂದು ಮಗುವೇ ಹೇಳುತ್ತದೆ. "ಮನುಷ್ಯರು ಡೈನೋಸಾರ್ ಮೇಲೆ ಕುಳಿತು ಸವಾರಿ ಮಾಡುತ್ತಿದ್ದರಾ?" ಎಂಬ ಪ್ರಶ್ನೆಗೂ ಉತ್ತರ ಈ ಪಟ್ಟಿಯಲ್ಲೇ ಇದೆ. 66 ರೂಪಾಯಿಗೆ ಅಂಗಡಿ ಮುಚ್ಚಿತು, ಗಿರಾಕಿ ಬಂದದ್ದು 30 ಪೈಸೆಗೆ.

ಬೆಂಗಳೂರಿನಲ್ಲಿ ಯಾಕೆ ಸಿಗುವುದಿಲ್ಲ?

"ಆಪಾ, ನಮ್ಮ ಮಾಕಳಿಯಲ್ಲಿ ಅಗೆದರೆ ಡೈನೋಸಾರ್ ಸಿಗುತ್ತಾ?" ಇದು ನಮ್ಮ ಕಡೆಯ ಮಕ್ಕಳು ಖಂಡಿತ ಕೇಳುವ ಪ್ರಶ್ನೆ. ಬೋರ್‌ವೆಲ್ ಕೊರೆಯುವುದನ್ನು, ಕಟ್ಟಡಕ್ಕೆ ಪಾಯ ತೆಗೆಯುವುದನ್ನು ಅವರು ದಿನವೂ ನೋಡುತ್ತಾರೆ. ಉತ್ತರ: ಸಿಗುವುದಿಲ್ಲ. ಕಾರಣ ಮೇಲಿನ ಪಟ್ಟಿಯಲ್ಲಿದೆ. ನಮ್ಮ ಕಾಲ ಕೆಳಗಿನ ಬಂಡೆ ಸುಮಾರು 3,000 ರೂಪಾಯಿಯದು, ಡೈನೋಸಾರ್ 230 ರೂಪಾಯಿಯದು. ಡೈನೋಸಾರ್ ಬರುವ ಎಷ್ಟೋ ಮೊದಲೇ ಈ ಬಂಡೆ ಗಟ್ಟಿಯಾಗಿ ಆಗಿತ್ತು. ಅಲ್ಲದೆ ಇದು ನೆಲದಾಳದ ಶಾಖ ಮತ್ತು ಒತ್ತಡದಲ್ಲಿ ಆದ ಬಂಡೆ, ನದಿಯ ಹೂಳಿನಿಂದ ಆದ ಪದರಗಲ್ಲು ಅಲ್ಲ. ಪಳೆಯುಳಿಕೆ ಸಿಗುವುದು ಹೆಚ್ಚಾಗಿ ಪದರಗಲ್ಲಿನಲ್ಲಿ.

ಮಕ್ಕಳ ಮುಖ ಸಪ್ಪೆಯಾಗುತ್ತದೆ. ಆಗ ಅವರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. 1760ರಲ್ಲಿ ಹೈದರ್ ಅಲಿ ಮಾಡಿಸಿದ ಆ ತೋಟದಲ್ಲಿ, ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಯಾವ ಡೈನೋಸಾರ್ ಮೂಳೆಗಿಂತಲೂ ಹತ್ತು ಪಟ್ಟಿಗಿಂತ ಹೆಚ್ಚು ಹಳೆಯದು ಅದು. ಮ್ಯೂಸಿಯಂನಲ್ಲಿ "ಮುಟ್ಟಬೇಡಿ" ಎಂಬ ಫಲಕ ಇರುತ್ತದೆ. ಇಲ್ಲಿ ಬಂಡೆಯ ಮೇಲೆಯೇ ಕುಳಿತುಕೊಳ್ಳಬಹುದು. ನಮ್ಮ ಊರಿನಲ್ಲಿ ಏನೂ ಇಲ್ಲ ಎಂಬ ಮಾತು ಆಗ ಮಕ್ಕಳ ಬಾಯಿಂದ ಬರುವುದಿಲ್ಲ.

ನಮ್ಮ ದೇಶದ ಡೈನೋಸಾರ್‌ಗಳು

ಡೈನೋಸಾರ್ ಎಂದರೆ ಅಮೆರಿಕಾದ್ದು ಎಂದೇ ಮಕ್ಕಳು ತಿಳಿದಿರುತ್ತಾರೆ. ಡೈನೋಸಾರ್ ಎಂಬ ಪದವನ್ನು ಇಂಗ್ಲೆಂಡಿನ ರಿಚರ್ಡ್ ಓವೆನ್ ಹುಟ್ಟುಹಾಕಿದ್ದು 1842ರಲ್ಲಿ. ಅದಕ್ಕಿಂತ 14 ವರ್ಷ ಮೊದಲೇ, 1828ರಲ್ಲಿ, ವಿಲಿಯಂ ಸ್ಲೀಮನ್ ಎಂಬ ಸೇನಾಧಿಕಾರಿಗೆ ಜಬಲ್‌ಪುರದಲ್ಲಿ ದೊಡ್ಡ ಮೂಳೆಗಳು ಸಿಕ್ಕಿದ್ದವು. ಅವು ಏನೆಂದು ಆಗ ತಿಳಿಯಲಿಲ್ಲ. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಅವಕ್ಕೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು.

ನಿಜವಾದ ಅಸ್ಥಿಪಂಜರ ನೋಡಬೇಕೆಂದರೆ ನಮಗೆ ಹತ್ತಿರದ್ದು ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರ. ತೆಲಂಗಾಣದ ಯಾಮನಪಲ್ಲಿಯಲ್ಲಿ ಸಿಕ್ಕ ಕೋಟಾಸಾರಸ್ ಅಲ್ಲಿ ನಿಂತಿದೆ. ನಮ್ಮಲ್ಲಿ ಬಹಳ ಮನೆಗಳವರಿಗೆ ಹೈದರಾಬಾದಿನಲ್ಲಿ ನೆಂಟರಿದ್ದಾರೆ. ಮದುವೆಗೆ ಹೋದಾಗ ಚಾರ್‌ಮಿನಾರ್, ಬಳೆ ಬಜಾರಿನ ಜೊತೆಗೆ ಅರ್ಧ ದಿನ ಇದಕ್ಕೂ ಇಡಿ. ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಇನ್ನೊಂದಿದೆ, ಅದರ ಹೆಸರು ಬಾರಾಪಾಸಾರಸ್ ಟಾಗೋರಿ. ಬಂಗಾಳಿಯಲ್ಲಿ 'ಬಡೊ ಪಾ' ಎಂದರೆ ದೊಡ್ಡ ಕಾಲು. ನಾವು ಮನೆಯಲ್ಲಿ ಬಡಾ ಪಾಂವ್ ಎನ್ನುತ್ತೇವೆ, ಆದ್ದರಿಂದ ಉರ್ದು ಮಾತನಾಡುವ ಮಕ್ಕಳಿಗೆ ಈ ಹೆಸರು ಒಮ್ಮೆ ಹೇಳಿದರೆ ಸಾಕು. ಮೂಳೆಗಳನ್ನು ಅಗೆದು ತೆಗೆಯುತ್ತಿದ್ದ 1961ನೆಯ ವರ್ಷ ರವೀಂದ್ರನಾಥ ಟಾಗೋರರ ಜನ್ಮಶತಾಬ್ದಿಯಾಗಿತ್ತು, ಹಾಗಾಗಿ ಟಾಗೋರಿ.

ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿಯಲ್ಲಿ ಮೂಳೆಗಳೂ ಮೊಟ್ಟೆಗಳೂ ಸಿಕ್ಕಿವೆ. ತಲೆಯ ಮೇಲೆ ಕೊಂಬಿದ್ದ ಮಾಂಸಾಹಾರಿ ರಾಜಾಸಾರಸ್ ನರ್ಮದೆನ್ಸಿಸ್ ಅಲ್ಲಿಯದೇ. 2003ರಲ್ಲಿ ಅದಕ್ಕೆ ಹೆಸರಿಟ್ಟರು. 2019ರಲ್ಲಿ ಅಲ್ಲಿ ಡೈನೋಸಾರ್ ಮ್ಯೂಸಿಯಂ ತೆರೆಯಿತು. ಆ ಜಾಗದ ಹೆಸರು ಹೇಳುವಾಗ ಆಲಿಯಾ ಸುಲ್ತಾನಾ ಬಾಬಿ ಅವರನ್ನು ನೆನೆಯಲೇಬೇಕು. ಬಾಲಾಸಿನೋರಿನ ಹಿಂದಿನ ನವಾಬರ ಮನೆತನದ ಇವರು ಅಲ್ಲಿಗೆ ಬರುತ್ತಿದ್ದ ವಿಜ್ಞಾನಿಗಳ ಜೊತೆ ಓಡಾಡಿ ಕಲಿತರು. ಪಳೆಯುಳಿಕೆಗಳನ್ನು ಜನ ಕದ್ದೊಯ್ಯದಂತೆ ಕಾಯಲು, ಬಂದವರಿಗೆ ವಿವರಿಸಲು ತಮ್ಮ ಎಷ್ಟೋ ವರ್ಷಗಳನ್ನು ಕೊಟ್ಟಿದ್ದಾರೆ. ಒಬ್ಬ ಅಜ್ಜಿ ಡೈನೋಸಾರ್ ಮೊಟ್ಟೆಯನ್ನು ಮಸಾಲೆ ಅರೆಯಲು ಬಳಸುತ್ತಿದ್ದುದನ್ನು ತಾವು ಕಂಡದ್ದಾಗಿ ಅವರು ಹೇಳಿದ್ದಾರೆ. ಹೆಣ್ಣುಮಕ್ಕಳಿಗೆ ಈ ಕಥೆಯನ್ನು ತಪ್ಪದೆ ಹೇಳಿ. ಒಂದು ಊರಿನ ಕಲ್ಲುಗಳನ್ನು ಉಳಿಸಲು ಮೊದಲು ಬೇಕಾದದ್ದು ಅವು ಏನೆಂದು ತಿಳಿಯುವ ಆಸೆ, ಅದು ಅವರಲ್ಲಿತ್ತು.

"ಎಲ್ಲಾ ಸತ್ತು ಹೋದವಾ?"

ಚಿಕ್ಕ ಮಕ್ಕಳು ಇದನ್ನು ಬೇಸರದಿಂದ ಕೇಳುತ್ತಾರೆ. ನಗಬೇಡಿ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹತ್ತು ಕಿಲೋಮೀಟರಿನಷ್ಟು ದೊಡ್ಡ ಆಕಾಶಕಾಯ ಒಂದು ಈಗಿನ ಮೆಕ್ಸಿಕೋದ ಚಿಕ್ಶುಲೂಬ್ ಬಳಿ ಬಿತ್ತು. ಧೂಳು, ಹೊಗೆಯಿಂದ ಸೂರ್ಯನ ಬೆಳಕು ಕಡಿಮೆಯಾಗಿ ಗಿಡಗಳು ಸತ್ತವು, ಗಿಡ ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ಇದಕ್ಕೂ ವೋಚರ್ ಇದೆ. ಭೂಮಿಯ ಮೇಲ್ಪದರದಲ್ಲಿ ಬಹಳ ಅಪರೂಪವಾದ ಇರಿಡಿಯಂ ಎಂಬ ಲೋಹ ಆ ಕಾಲದ ತೆಳ್ಳಗಿನ ಮಣ್ಣಿನ ಪದರದಲ್ಲಿ ಹೆಚ್ಚಾಗಿ ಇರುವುದನ್ನು ಲೂಯಿಸ್ ಮತ್ತು ವಾಲ್ಟರ್ ಆಲ್ವರೆಜ್ ಎಂಬ ತಂದೆ ಮಗ ಮತ್ತು ಅವರ ಸಂಗಡಿಗರು 1980ರಲ್ಲಿ ತೋರಿಸಿದರು.

ಅದೇ ಸುಮಾರಿಗೆ ನಮ್ಮ ದಖನ್ನಿನಲ್ಲಿ ಲಾವಾರಸ ನೆಲದ ಬಿರುಕುಗಳಿಂದ ಮತ್ತೆ ಮತ್ತೆ ಉಕ್ಕುತ್ತಿತ್ತು. ಆರಿದ ಆ ಲಾವಾ ಕಪ್ಪು ಬಸಾಲ್ಟ್ ಕಲ್ಲಾಯಿತು. ನಮ್ಮ ರಾಜ್ಯದ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಗಳಲ್ಲಿ ಇದು ಹರಡಿದೆ. ಮಹಮ್ಮದ್ ಆದಿಲ್ ಶಾಹನ ಗೋಲಗುಮ್ಮಟ ಕಟ್ಟಿರುವುದೂ ಈ ಕಪ್ಪು ಬಸಾಲ್ಟ್ ಕಲ್ಲಿನಿಂದಲೇ. ಕೊನೆಯ ಡೈನೋಸಾರ್‌ಗಳ ಕಾಲದ ಸುಮಾರಿಗೆ ಹರಿದ ಬೆಂಕಿಯ ಕಲ್ಲು ಅದು. ಮುಂದಿನ ಸಲ ಕಾಲೇಜಿನ ಪ್ರವಾಸ ವಿಜಯಪುರಕ್ಕೆ ಹೋದಾಗ ಗೋಡೆಯ ಮೇಲೆ ಕೈ ಇಟ್ಟು ನೋಡಿ.

ಬೇಸರಗೊಂಡ ಮಗುವಿಗೆ ಒಂದು ಸಮಾಧಾನವೂ ಇದೆ. ಎಲ್ಲಾ ಸತ್ತಿಲ್ಲ. ಹಕ್ಕಿಗಳು ಡೈನೋಸಾರ್‌ಗಳ ವಂಶದವೇ. ಭಾನುವಾರ ಕೋಳಿ ತಂದಾಗ ಅದರ ಕಾಲಿನ ಚಿಪ್ಪುಗಳನ್ನು, ಮುಂದಕ್ಕೆ ಚಾಚಿದ ಮೂರು ಬೆರಳುಗಳನ್ನು, ಕತ್ತಿನ ಕೆಳಗಿನ ಕವೆಯಂಥ ಮೂಳೆಯನ್ನು ತೋರಿಸಿ. ಆ ಕವೆಮೂಳೆ ಟಿ. ರೆಕ್ಸ್‌ಗೂ ಇತ್ತು. ನನ್ನ ತಂಗಿ ಇದನ್ನು ಕೇಳಿದ ಮೇಲೆ ಬಿರಿಯಾನಿ ತಟ್ಟೆಯ ಮುಂದೆ ಕುಳಿತು ಅಬ್ಬಾಗೆ ಪಾಠ ಮಾಡಲು ಶುರು ಮಾಡಿದ್ದಾಳೆ.

ಕೆಲವು ಮಕ್ಕಳು ಆದಮ್ ಅಲೈಹಿಸ್ಸಲಾಮರ ಬಗ್ಗೆ, ನೂಹ್ ಅಲೈಹಿಸ್ಸಲಾಮರ ಹಡಗಿನ ಬಗ್ಗೆ ಸೇರಿಸಿ ಕೇಳುತ್ತಾರೆ. ಅವರನ್ನು ಗದರಿಸಿ ಸುಮ್ಮನಿರಿಸಬೇಡಿ, ಕೇಳಿದ್ದೇ ತಪ್ಪು ಎಂದು ಅನ್ನಿಸುವಂತೆ ಮಾಡಬೇಡಿ. ಮೂಳೆ ಏನು ಹೇಳುತ್ತದೆಯೋ ಅದನ್ನು ಮೂಳೆಯಿಂದ ಕಲಿಯೋಣ, ದೀನಿನ ಪ್ರಶ್ನೆಯನ್ನು ಬಲ್ಲ ಉಸ್ತಾದರ ಹತ್ತಿರ ಕೇಳೋಣ ಎಂದು ಹೇಳಿ, ಮತ್ತು ಹೇಳಿದಂತೆ ಕರೆದುಕೊಂಡು ಹೋಗಿ. ನಮಗೆ ತಿಳಿಯದಿದ್ದರೆ ತಿಳಿಯದು ಎಂದೇ ಹೇಳುವುದು ಒಳ್ಳೆಯದು.

ಹೋಗುವವರಿಗೆ ಸೂಚನೆಗಳು

1. 2024ರ ನವೆಂಬರ್‌ನಿಂದ ಮಾದಾವರದವರೆಗೆ ಮೆಟ್ರೋ ಇದೆ. ಅಲ್ಲಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಬದಲಾಯಿಸಿ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್. ಮುಂದೆ ನಡೆಯಬಹುದು. ಲಾಲ್‌ಬಾಗಿಗೂ ಹಸಿರು ಮಾರ್ಗದಲ್ಲೇ ನಿಲ್ದಾಣವಿದೆ.
2. ಶಾಲೆಯ ತಂಡವಾಗಿ ಹೋಗುವುದಾದರೆ ಟಿಕೆಟ್ ರಿಯಾಯಿತಿಯನ್ನು ಮೊದಲೇ ವಿಚಾರಿಸಿ.
3. ಆರು ವರ್ಷಕ್ಕಿಂತ ಚಿಕ್ಕವರು ಕೂಗಿಗೆ ಹೆದರಬಹುದು. ದೂರದಲ್ಲಿ ನಿಂತು ಒಮ್ಮೆ ಕೂಗಿ ಮುಗಿಯುವವರೆಗೆ ಕಾಯಿರಿ. ಮೋಟರಿನ ಮಾತು ಮೊದಲೇ ಹೇಳಿರಿ. ಬಲವಂತವಾಗಿ ಹತ್ತಿರ ಎಳೆಯಬೇಡಿ.
4. ಎಲ್ಲ ವಿಭಾಗಗಳನ್ನೂ ಒಂದೇ ದಿನ ನೋಡಲು ಹೋಗಬೇಡಿ. ಒಂದೆರಡು ಸಾಕು.
5. ಫಲಕವನ್ನು ಮಗುವಿನಿಂದಲೇ ಓದಿಸಿ. ಉರ್ದು ಶಾಲೆಯ ಮಗು ಕನ್ನಡ ಫಲಕವನ್ನು ಅಕ್ಷರ ಕೂಡಿಸಿ ಓದಿದರೆ ಅದೂ ಒಂದು ಪಾಠ.

ಮನೆಗೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆಗಳು

1. ಇವತ್ತು ನೋಡಿದ್ದರಲ್ಲಿ ಪಳೆಯುಳಿಕೆ ಯಾವುದು, ಅಚ್ಚು ಯಾವುದು, ಮಾದರಿ ಯಾವುದು?
2. ಸ್ಪೈನೋಸಾರಸ್‌ನ ಮೊದಲ ಮೂಳೆಗಳು ಏನಾದವು? ಆದರೂ ಅದರ ಬಗ್ಗೆ ಹೇಗೆ ತಿಳಿಯಿತು?
3. ಲಾಲ್‌ಬಾಗಿನ ಬಂಡೆಗೂ ಮೊದಲ ಡೈನೋಸಾರಿಗೂ ಎಷ್ಟು ರೂಪಾಯಿ ಅಂತರ?
4. ಮೊಬೈಲಿನಲ್ಲಿ ಒಂದು ಡೈನೋಸಾರ್ ವಿಡಿಯೋ ಬಂದರೆ ಅದನ್ನು ಕಳಿಸಿದವರಿಗೆ ನೀನು ಕೇಳುವ ಮೊದಲ ಪ್ರಶ್ನೆ ಯಾವುದು?

ನಾಲ್ಕನೆಯ ಪ್ರಶ್ನೆಗೆ "ವೋಚರ್ ಎಲ್ಲಿ?" ಎಂಬ ಉತ್ತರ ಬಂದರೆ ಮೆಟ್ರೋ ಖರ್ಚು, ಟಿಕೆಟ್ ಖರ್ಚು ಎಲ್ಲವೂ ವಸೂಲಾಯಿತು ಎಂದು ತಿಳಿಯಿರಿ.